ಕನ್ನಡ ತರಗತಿಯ ಕೀಲಿ ಯಾರ ಕೈಯಲ್ಲಿ? ಮುಂಬಯಿಯ ಒಂದು ಸಂಘ ಮೂಡಲ್‌ಗೆ ಬಂದ ಪ್ರಕರಣ

ಮುಂಬಯಿಯ ಒಂದು ಉಪನಗರದ ಕನ್ನಡ ಸಂಘ ಮಕ್ಕಳಿಗಾಗಿ ವಾರಾಂತ್ಯದ ಕನ್ನಡ ತರಗತಿ ನಡೆಸುತ್ತದೆ. ಮಕ್ಕಳು ಅರವತ್ತರ ಆಸುಪಾಸು. ವಯಸ್ಸು ಆರರಿಂದ ಹದಿನಾಲ್ಕು. ಶಾಲೆಯಲ್ಲಿ ಇಂಗ್ಲಿಷ್ ಇಲ್ಲವೇ ಮರಾಠಿ ಮಾಧ್ಯಮ. ಮನೆಯಲ್ಲಿ ಕೆಲವರದು ಕನ್ನಡ, ಬಹಳಷ್ಟು ಮಕ್ಕಳದು ತುಳು. ಕಲಿಸುವವರಿಗೆ ಸಂಬಳ ಇಲ್ಲ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಿಂದ ನಿವೃತ್ತರಾದ ಇಬ್ಬರು ಟೀಚರ್‌ಗಳು, ಬ್ಯಾಂಕಿನಲ್ಲಿರುವ ಒಬ್ಬರು, ಕೆಲವು ಗೃಹಿಣಿಯರು, ಇಬ್ಬರು ಕಾಲೇಜು ಹುಡುಗಿಯರು. ತರಗತಿ ಈಗ ನಡೆಯುವುದು ಮೂಡಲ್ ಎಂಬ, ಆನ್‌ಲೈನ್‌ನಲ್ಲಿ ಪಾಠ, ಹೋಂವರ್ಕ್, ಪರೀಕ್ಷೆ ನಡೆಸುವ ಸಾಫ್ಟ್‌ವೇರಿನ ಮೇಲೆ. ಅದರ ತಾಂತ್ರಿಕ ಕೆಲಸ ನೋಡಿಕೊಳ್ಳುವ ಮೂವರಲ್ಲಿ ನಾನೂ ಒಬ್ಬಳು.

2020ರ ಲಾಕ್‌ಡೌನ್‌ಗೆ ಮೊದಲು ಪಾಠ ಸಂಘದ ಹಾಲ್‌ನಲ್ಲಿ ನಡೆಯುತ್ತಿತ್ತು. ಆಮೇಲೆ ಆನ್‌ಲೈನ್ ಆಯಿತು. ಲಾಕ್‌ಡೌನ್ ಮುಗಿದರೂ ಪೂರ್ತಿಯಾಗಿ ಹಾಲ್‌ಗೆ ವಾಪಸ್ ಹೋಗಲು ಆಗಲಿಲ್ಲ. ಅಷ್ಟು ಹೊತ್ತಿಗೆ ವಸಯಿ, ನಾಲಾಸೋಪಾರಾ, ಡೊಂಬಿವಲಿ, ಘಣಸೋಲಿಯಿಂದೆಲ್ಲ ಮಕ್ಕಳು ಸೇರಿದ್ದರು. ವೆಸ್ಟರ್ನ್ ಲೈನಿನಿಂದ ದಾದರ್‌ಗೆ ಬಂದು, ಅಲ್ಲಿ ಸೆಂಟ್ರಲ್ ಲೈನಿನ ಲೋಕಲ್ ಹಿಡಿದು, ಒಂದು ಗಂಟೆಯ ಪಾಠಕ್ಕಾಗಿ ಆರು ವರ್ಷದ ಮಗುವನ್ನು ಪ್ರತಿ ಭಾನುವಾರ ಯಾರು ಕರೆತಂದಾರು? ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಓದಿದ ಅಜ್ಜಂದಿರ ಮೊಮ್ಮಕ್ಕಳು ಇವರಲ್ಲಿ ಇದ್ದಾರೆ. ದೂರದ ಕಾರಣಕ್ಕೆ ಅವರನ್ನು ಬಿಡಲು ಸಂಘಕ್ಕೆ ಮನಸ್ಸಿರಲಿಲ್ಲ.

ಎಡವಿದ್ದು ಎಲ್ಲಿ

ಮೊದಲ ವರ್ಷಗಳಲ್ಲಿ ಎಲ್ಲವೂ ವಾಟ್ಸಾಪ್ ಗುಂಪು ಮತ್ತು ಒಂದು ಉಚಿತ ವಿಡಿಯೊ ಕರೆಯ ಸೇವೆಯ ಮೇಲೆ ನಡೆಯಿತು. ನಲವತ್ತು ನಿಮಿಷಕ್ಕೆ ಕರೆ ಕಡಿದುಹೋಗುತ್ತಿತ್ತು, ಮತ್ತೆ ಸೇರಬೇಕಿತ್ತು. ಅದನ್ನು ಹೇಗೋ ಸಹಿಸಬಹುದು. ಹೋಂವರ್ಕ್ ಮಾತ್ರ ಕಷ್ಟವಾಗಿತ್ತು. ಮಕ್ಕಳು ಬರೆದ ಪುಟದ ಫೋಟೊ ಗುಂಪಿಗೆ ಬರುತ್ತಿತ್ತು. ಅದರ ನಡುವೆ ಶುಭೋದಯದ ಚಿತ್ರ, ಸಂಘದ ಪೂಜೆಯ ಆಮಂತ್ರಣ, ಯಾರದೋ ಹುಟ್ಟುಹಬ್ಬ. ಯಾವ ಮಗು ಕಳಿಸಿದೆ, ಯಾವುದು ಕಳಿಸಿಲ್ಲ ಅಂತ ತಿಳಿಯಲು ಟೀಚರ್ ರಾತ್ರಿ ಕೂತು ಬೆರಳಲ್ಲಿ ಮೇಲೆ ಕೆಳಗೆ ತಳ್ಳುತ್ತಿದ್ದರು. ಜೊತೆಗೆ, ಗುಂಪಿನಲ್ಲಿರುವ ಪ್ರತಿ ತಾಯಿಯ ಫೋನ್ ನಂಬರ್ ಪರಿಚಯವೇ ಇಲ್ಲದ ನೂರು ಜನರಿಗೆ ಕಾಣುತ್ತಿತ್ತು.

ಇಷ್ಟಿದ್ದರೂ ಯಾರೂ ಬದಲಾವಣೆ ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ಬೇರೆ ಘಟನೆ. ವರ್ಕ್‌ಶೀಟುಗಳು, ಹಾಜರಿ ಪಟ್ಟಿ, ರೆಕಾರ್ಡ್ ಮಾಡಿದ ಪಾಠಗಳು ಎಲ್ಲವೂ ಒಬ್ಬ ಹುಡುಗನ ಸ್ವಂತ ಖಾತೆಯಲ್ಲಿದ್ದವು. ತುಂಬ ಶ್ರದ್ಧೆಯ ಹುಡುಗ. ಅವನಿಗೆ ಗಲ್ಫ್‌ನಲ್ಲಿ ಕೆಲಸ ಸಿಕ್ಕಿತು. ಹೋದ, ನಂಬರ್ ಬದಲಾಯಿತು, ಹಳೆಯ ಖಾತೆ ಬಳಕೆ ತಪ್ಪಿತು. ಜೂನ್‌ನಲ್ಲಿ ಹೊಸ ತಂಡಕ್ಕೆ ಪಾಠ ಶುರುಮಾಡಲು ಹೋದಾಗ ಯಾವ ಲಿಂಕೂ ತೆರೆಯಲಿಲ್ಲ. ಟೀಚರ್‌ಗಳು ಸೇರಿ ಕಟ್ಟಿದ ಪಾಠಗಳಲ್ಲಿ ಹೆಚ್ಚಿನವು ಮತ್ತೆ ಸಿಗಲೇ ಇಲ್ಲ. ಇದರಲ್ಲಿ ಆ ಹುಡುಗನ ದೋಷ ಏನೂ ಇಲ್ಲ. ಸಂಘದ ತರಗತಿ ಒಬ್ಬರ ಫೋನಿನಲ್ಲಿ ಇತ್ತು. ನಮ್ಮ ಊರಿನ ಸಂಘಗಳಲ್ಲಿ ಇದು ಎಷ್ಟು ಸಾಮಾನ್ಯ ಎಂಬುದು ಓದುವವರಿಗೂ ಗೊತ್ತು, ಅಲ್ವಾ?

ಕಮಿಟಿಯ ಸಭೆಯಲ್ಲಿ ಹಾಗಾಗಿ ಪ್ರಶ್ನೆ ಹೀಗೆ ಬಂತು: ಯಾರೇ ಬರಲಿ, ಯಾರೇ ಹೋಗಲಿ, ತರಗತಿ ಸಂಘದ ಕೈಯಲ್ಲೇ ಉಳಿಯಬೇಕು. ಅದಕ್ಕೆ ಏನು ಮಾಡೋಣ?

ಆಯ್ಕೆ

ಗೂಗಲ್ ಕ್ಲಾಸ್‌ರೂಮ್ ಬಳಸಲು ಸುಲಭ, ಹಲವು ಮಕ್ಕಳಿಗೆ ಶಾಲೆಯಿಂದ ಪರಿಚಯವೂ ಇತ್ತು. ಆದರೆ ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು 13 ವರ್ಷದ ಕೆಳಗಿನವರು. ಅವರು ಸ್ವಂತವಾಗಿ ಖಾತೆ ತೆರೆಯುವ ಹಾಗಿಲ್ಲ. ಪಾಲಕರ ನಿಗಾದ ಖಾತೆ ಮಾಡಿಸಲು ಒಂದೊಂದು ಮನೆಗೂ ಕೂತು ಹೇಳಿಕೊಡಬೇಕು. ಓಪನ್ ಎಡ್‌ಎಕ್ಸ್ ಕೂಡ ನೋಡಿದೆವು. ಪವೈಯ ಐಐಟಿ ಬಾಂಬೆ ತನ್ನ ಆನ್‌ಲೈನ್ ಕೋರ್ಸುಗಳನ್ನು ಇದೇ ಸಾಫ್ಟ್‌ವೇರಿನ ಮೇಲೆ ನಡೆಸಿದೆ. ಸಾವಿರಾರು ಜನ ಒಮ್ಮೆಗೇ ಕಲಿಯುವ ಕಡೆ ಅದು ಸರಿ. ಅರವತ್ತು ಮಕ್ಕಳಿಗೆ ಅಷ್ಟು ದೊಡ್ಡ ಯಂತ್ರ ಯಾಕೆ?

ಕೊನೆಗೆ ಮೂಡಲ್ ಉಳಿಯಿತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾರ್ಟಿನ್ ಡೂಗಿಯಾಮಾಸ್ ಎಂಬವರು ಇದನ್ನು ಶುರುಮಾಡಿದರು. ಮೊದಲ ಪೂರ್ಣ ಆವೃತ್ತಿ ಬಂದದ್ದು 2002ರ ಆಗಸ್ಟ್‌ನಲ್ಲಿ. ಜಿಪಿಎಲ್ ಎಂಬ ಓಪನ್ ಸೋರ್ಸ್ ಪರವಾನಗಿ ಇರುವುದರಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಮ್ಮ ಸರ್ವರಿನಲ್ಲಿ ಇಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ನಮಗೆ ಮುಖ್ಯವಾಗಿದ್ದು ಇದೇ. ಸರ್ವರ್ ಕಂಪನಿ ಬೇಡವೆನಿಸಿದರೆ ಇಡೀ ತರಗತಿಯನ್ನು ಎತ್ತಿಕೊಂಡು ಬೇರೆ ಕಡೆ ಹೋಗಬಹುದು.

ಖಜಾಂಚಿಯವರು ಕೇಳಿದ ಪ್ರಶ್ನೆ ನ್ಯಾಯವಾದದ್ದು. "ಸಾಫ್ಟ್‌ವೇರ್ ಫುಕಟ್ ಅಂತೀರಿ. ಮತ್ತೆ ಈ ತಿಂಗಳ ಬಿಲ್ ಯಾವುದು?"

ಸಾಫ್ಟ್‌ವೇರಿಗೆ ದುಡ್ಡಿಲ್ಲ, ಅದು ಕೂರುವ ಜಾಗಕ್ಕೆ ಬಾಡಿಗೆ ಇದೆ. ಎರಡು ಕೋರ್, ನಾಲ್ಕು ಜಿಬಿ ಮೆಮೊರಿಯ ಒಂದು ಚಿಕ್ಕ ಬಾಡಿಗೆ ಸರ್ವರ್ ತೆಗೆದುಕೊಂಡೆವು. ಅದರ ಮೇಲೆ ಮೂಡಲ್ ನಡೆಯಲು ಬೇಕಾದ ತಂತ್ರಾಂಶಗಳು: ಉಬುಂಟು, ಪಿಎಚ್‌ಪಿ, ಮಾಹಿತಿ ಇಡುವ ಡೇಟಾಬೇಸ್ ಮರಿಯಾಡಿಬಿ. ಇವೂ ಓಪನ್ ಸೋರ್ಸ್. ಭದ್ರತೆಯ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯಿಂದ ಉಚಿತ. ಮೂಡಲ್‌ನಲ್ಲಿ 4.5 ಆವೃತ್ತಿಯನ್ನು ಬೇಕೆಂದೇ ಆರಿಸಿದೆವು. 2024ರ ಅಕ್ಟೋಬರ್‌ನಲ್ಲಿ ಬಂದ ಇದು ದೀರ್ಘಕಾಲದ ಬೆಂಬಲವಿರುವ ಆವೃತ್ತಿ, ಭದ್ರತೆಯ ತಿದ್ದುಪಡಿಗಳು 2027ರ ಅಕ್ಟೋಬರ್‌ವರೆಗೆ ಬರುತ್ತವೆ. ಆರು ತಿಂಗಳಿಗೊಂದು ಹೊಸ ದೊಡ್ಡ ಆವೃತ್ತಿ ಬರುತ್ತದೆ. ಅದರ ಹಿಂದೆ ಓಡುವಷ್ಟು ಪುರುಸೊತ್ತು ಸ್ವಯಂಸೇವಕರಿಗೆ ಇರುವುದಿಲ್ಲ.

ಕಲಿಯಲು ದೂರ ಹೋಗಬೇಕಾಗಲಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಮೂಡಲ್ ಬಗ್ಗೆಯೇ ಒಂದು ಸರಣಿ ಇದೆ. ಅದರಲ್ಲಿ ಕಾಣುವ ತೆರೆಗಳು ಹಳೆಯ ಆವೃತ್ತಿಯವು. ಆದರೂ ಕೋರ್ಸ್ ಕಟ್ಟುವುದು ಹೇಗೆ, ಯಾರಿಗೆ ಯಾವ ಅಧಿಕಾರ ಕೊಡುವುದು ಎಂಬುದೆಲ್ಲ ಅದನ್ನು ನೋಡಿಯೇ ನಮ್ಮ ಕಾಲೇಜು ಹುಡುಗಿಯರಿಗೆ ಬಂತು.

ಮಕ್ಕಳ ಹೆಸರು ಸೇರಿಸುವಾಗ ಒಂದು ಅಡ್ಡಿ ಬಂತು. ಅರವತ್ತು ಖಾತೆಗಳನ್ನು ಒಂದೊಂದಾಗಿ ಮಾಡುವ ಬದಲು ಪಟ್ಟಿಯನ್ನು ಸಿಎಸ್‌ವಿ ಎಂಬ ಸರಳ ಪಟ್ಟಿಯ ಕಡತವಾಗಿ ಒಮ್ಮೆಗೇ ಏರಿಸಬಹುದು. ಏರಿಸಿದಾಗ ಕನ್ನಡದ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ಕಡತ ಯುಟಿಎಫ್-8 ರೂಪದಲ್ಲಿ, ಅಂದರೆ ಎಲ್ಲ ಲಿಪಿಗಳಿಗೂ ಒಗ್ಗುವ ಅಕ್ಷರಸಂಕೇತದಲ್ಲಿ, ಉಳಿದಿರಲಿಲ್ಲ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಉಳಿಸುವಾಗ ಯಾವ ಅಕ್ಷರಸಂಕೇತ ಬೇಕು ಅಂತ ಅದೇ ಕೇಳುತ್ತದೆ. ಯುಟಿಎಫ್-8 ಆರಿಸಿದರೆ ಮುಗಿಯಿತು. ಖಾತೆಯ ಹೆಸರಿನಲ್ಲಿ ಫೋನ್ ನಂಬರ್ ಎಲ್ಲೂ ಇಟ್ಟಿಲ್ಲ.

ಮಗುವಿನ ದನಿ

ನೇರ ಪಾಠದ ಬಗ್ಗೆ ಎಲ್ಲರೂ ಕೇಳುತ್ತಾರೆ. ನಿಜ ಹೇಳಬೇಕೆಂದರೆ, ನಮ್ಮಲ್ಲಿ ಕಲಿಕೆಯನ್ನು ಬದಲಿಸಿದ್ದು ಹೋಂವರ್ಕ್. ಅದರಲ್ಲೂ ಓದುವ ಹೋಂವರ್ಕ್.

ಮುಂಬಯಿಯ ಮಕ್ಕಳಿಗೆ ಕನ್ನಡ ಓದುವಾಗ ಎಲ್ಲಿ ತಡೆಯುತ್ತದೆ ಎಂಬುದು ಟೀಚರ್‌ಗಳಿಗೆ ಚೆನ್ನಾಗಿ ಗೊತ್ತು. 'ಳ' ಕಷ್ಟವಿಲ್ಲ, ಮರಾಠಿಯಲ್ಲೂ ಅದು ಇದೆ. ಎ-ಏ, ಒ-ಓ ಮಾತ್ರ ಕಷ್ಟ. ಮರಾಠಿ, ಹಿಂದಿಯ ಲಿಪಿಯಲ್ಲಿ ಈ ಗಿಡ್ಡ-ಉದ್ದದ ಭೇದ ಇಲ್ಲ. 'ಕೆರೆ'ಯನ್ನು 'ಕೇರೇ' ಅಂತಲೇ ಓದುತ್ತಾರೆ, 'ಕೊಡು' ಮತ್ತು 'ಕೋಡು' ಒಂದೇ ಆಗಿಬಿಡುತ್ತವೆ. ಬರೆದ ಪುಟದ ಫೋಟೊದಲ್ಲಿ ಇದು ಗೊತ್ತಾಗುವುದಿಲ್ಲ. ವಿಡಿಯೊ ಕರೆಯಲ್ಲಿ ಇಪ್ಪತ್ತು ಮಕ್ಕಳು ಒಟ್ಟಿಗೆ ಓದಿದರೆ ಅಲ್ಲೂ ಗೊತ್ತಾಗುವುದಿಲ್ಲ. ಒಂದೊಂದು ಮಗುವೂ ಒಂಟಿಯಾಗಿ ಓದಬೇಕು, ಟೀಚರ್ ನಿಧಾನವಾಗಿ ಕೇಳಬೇಕು.

ಮೂಡಲ್‌ನ ಬರೆಯುವ ಪೆಟ್ಟಿಗೆಯಲ್ಲೇ ದನಿ ರೆಕಾರ್ಡ್ ಮಾಡುವ ಗುಂಡಿ ಇದೆ. ಬೇರೆ ಆ್ಯಪ್ ಬೇಡ. ಸುಮ್ಮನೆ ಬಿಟ್ಟರೆ ಒಂದು ರೆಕಾರ್ಡಿಂಗ್ ಎರಡು ನಿಮಿಷಕ್ಕೆ ನಿಲ್ಲುತ್ತದೆ. ಚಿಕ್ಕ ಮಕ್ಕಳಿಗೆ ಅಷ್ಟು ಸಾಕು, ಆ ಮಿತಿಯನ್ನು ಹಾಗೇ ಬಿಟ್ಟೆವು. ದನಿಯ ಗುಣಮಟ್ಟ ಮಾತ್ರ ಇಳಿಸಿದೆವು. ಸೆಕೆಂಡಿಗೆ 128 ಕಿಲೊಬಿಟ್ ಇದ್ದರೆ ಎರಡು ನಿಮಿಷದ ಓದು ಸುಮಾರು ಎರಡು ಎಂಬಿ ಆಗುತ್ತದೆ. 32ಕ್ಕೆ ಇಳಿಸಿದರೆ ಅರ್ಧ ಎಂಬಿಯ ಒಳಗೆ ಬರುತ್ತದೆ. ಮಾತು ಕೇಳಲು ಅಷ್ಟು ಧಾರಾಳ. ಮನೆಗೆ ಒಂದೇ ಫೋನ್, ಅದರಲ್ಲಿ ದಿನದ ಡೇಟಾ ಸಂಜೆಗೇ ಖಾಲಿ ಎನ್ನುವ ಮನೆಗಳು ನಮ್ಮಲ್ಲಿ ಇವೆ. ಅವರಿಗೆ ಈ ವ್ಯತ್ಯಾಸ ದೊಡ್ಡದು. ಮೂಡಲ್‌ನ ಮೊಬೈಲ್ ಆ್ಯಪ್‌ನಲ್ಲಿ ಪಾಠವನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಹೋಂವರ್ಕನ್ನೂ ನೆಟ್ ಇಲ್ಲದಾಗ ಮಾಡಿ ಇಟ್ಟರೆ, ನೆಟ್ ಬಂದಮೇಲೆ ಅದು ಸೇರುತ್ತದೆ.

ಟೀಚರ್ ಕೂಡ ಉತ್ತರವನ್ನು ದನಿಯಲ್ಲೇ ಕೊಡುತ್ತಾರೆ. "ಪುಟ್ಟಾ, ಇದು ಕೆರೆ. ಗಿಡ್ಡ. ಇನ್ನೊಂದು ಸಲ ಹೇಳು ನೋಡೋಣ." ನೂರಕ್ಕೆ ಇಷ್ಟು ಎಂಬ ಅಂಕ ತೆಗೆದುಹಾಕಿದೆವು. ಮೂಡಲ್‌ನಲ್ಲಿ ನಮ್ಮದೇ ಅಳತೆಪಟ್ಟಿ ಮಾಡಿಕೊಳ್ಳಬಹುದು. ನಮ್ಮದರಲ್ಲಿ ಮೂರೇ ಮೆಟ್ಟಿಲು: 'ಇನ್ನೊಮ್ಮೆ ಓದು', 'ಬರ್ತಾ ಇದೆ', 'ಚೆನ್ನಾಗಿದೆ'. 'ಇನ್ನೊಮ್ಮೆ ಓದು' ಬಂದರೆ ಮಗು ಮತ್ತೆ ಕಳಿಸಬಹುದು.

ತರಗತಿ ಸಂಘದ ಕೈಯಲ್ಲಿರಬೇಕು ಎಂದ ಮಾತಿನ ಬೆಲೆ ಇಲ್ಲೇ ಕಾಣಿಸಿತು. ಒಬ್ಬ ಟೀಚರ್ ಮಗಳ ಬಾಣಂತನಕ್ಕೆ ಉಡುಪಿಗೆ ಹೋದರು. ಅವರ ತಂಡವನ್ನು ಬೇರೆಯವರು ವಹಿಸಿಕೊಂಡರು. ಹೊಸಬರು ಮೊದಲು ಮಾಡಿದ ಕೆಲಸ, ಪ್ರತಿ ಮಗುವಿನ ಹಿಂದಿನ ಓದುಗಳನ್ನು ಕೂತು ಕೇಳಿದ್ದು. ಯಾರು ಒತ್ತಕ್ಷರಕ್ಕೆ ತಡವರಿಸುತ್ತಾರೆ, ಯಾರು ದೀರ್ಘ ನುಂಗುತ್ತಾರೆ ಎಂಬುದು ಪಾಠಕ್ಕೆ ಮೊದಲೇ ಅವರಿಗೆ ಗೊತ್ತಿತ್ತು. ವಾಟ್ಸಾಪ್ ಕಾಲದಲ್ಲಾಗಿದ್ದರೆ ಆ ತಿಳಿವಳಿಕೆ ಟೀಚರ್ ಜೊತೆ ಉಡುಪಿಯ ಬಸ್ ಹತ್ತಿ ಹೋಗಿಬಿಡುತ್ತಿತ್ತು.

ಮಕ್ಕಳ ದನಿ ನಮ್ಮ ಬಳಿ ಇದೆ ಎಂದಮೇಲೆ ಜವಾಬ್ದಾರಿಯೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದ ಕೆಳಗಿನವರು ಮಕ್ಕಳು. ಅವರ ಮಾಹಿತಿ ಬಳಸಲು ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಪ್ರವೇಶದ ಅರ್ಜಿಯಲ್ಲೇ ಅದನ್ನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆದು ಸಹಿ ತೆಗೆದುಕೊಳ್ಳುತ್ತೇವೆ. ಮಗು ಮುಂದಿನ ಹಂತ ಮುಗಿಸಿದ ಮೇಲೆ ಹಿಂದಿನ ಹಂತದ ರೆಕಾರ್ಡಿಂಗ್ ಅಳಿಸುತ್ತೇವೆ. ಸಣ್ಣ ಸಂಘಕ್ಕೆ ಇದೆಲ್ಲ ಯಾಕೆ ಅಂತ ಕೇಳಿದವರಿದ್ದಾರೆ. ಇನ್ನೊಬ್ಬರ ಮಗುವಿನ ದನಿ ಅದು. ಸಂಘ ಸಣ್ಣದಾದರೂ ಅದಕ್ಕೆ ಕೊಡಬೇಕಾದ ಗೌರವ ಸಣ್ಣದಾಗುವುದಿಲ್ಲ.

ಸೊನ್ನೆಯ ತೊಂದರೆ

ಕನ್ನಡದಲ್ಲಿ ಪರೀಕ್ಷೆ ಮಾಡುವವರು ಈ ಭಾಗವನ್ನು ಗಮನವಿಟ್ಟು ಓದಬೇಕು.

ಪದ ಬರೆಯುವ ಕ್ವಿಜ್ ಇಟ್ಟೆವು. ಅಂಗಡಿಯ ಚಿತ್ರ ನೋಡಿ ಮಗು 'ಅಂಗಡಿ' ಅಂತ ಟೈಪ್ ಮಾಡಬೇಕು. ಹಲವು ಮಕ್ಕಳ ಉತ್ತರ ಕಣ್ಣಿಗೆ ಸರಿಯಾಗಿಯೇ ಇತ್ತು, ಮೂಡಲ್ ತಪ್ಪು ಅಂತ ತೋರಿಸಿತು. ಒಬ್ಬ ಹುಡುಗಿ ಅತ್ತೇಬಿಟ್ಟಳು ಅಂತ ಅವಳ ತಾಯಿ ಫೋನ್ ಮಾಡಿದರು. ನೋಡಿದರೆ ಅನುಸ್ವಾರದ ಜಾಗದಲ್ಲಿ ಮಕ್ಕಳು ಕನ್ನಡ ಅಂಕಿಯ ಸೊನ್ನೆ ಒತ್ತಿದ್ದರು. ಎರಡೂ ನೋಡಲು ದುಂಡಗೆ, ಹೆಚ್ಚಿನ ಫಾಂಟುಗಳಲ್ಲಿ ಒಂದೇ ಥರ. ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರ. 'ದುಃಖ'ದಲ್ಲೂ ಹೀಗೇ ಆಯಿತು. ವಿಸರ್ಗದ ಬದಲು ಇಂಗ್ಲಿಷಿನ ಕೋಲನ್ ಬಂದಿತ್ತು. 'ರಾಜ್‌ಕುಮಾರ್' ಥರದ ಹೆಸರುಗಳಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಗುರುತುಗಳು ಒಬ್ಬರ ಕೀಲಿಮಣೆಯಲ್ಲಿ ಬರುತ್ತವೆ, ಇನ್ನೊಬ್ಬರದರಲ್ಲಿ ಬರುವುದಿಲ್ಲ.

ಮೂಡಲ್‌ನ ಕಿರು ಉತ್ತರದ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಕೊಡಬಹುದು. ಹಾಗಾಗಿ ಅನುಸ್ವಾರ ಇರುವ ಪದಕ್ಕೆ ಎರಡೂ ರೂಪ ಸೇರಿಸಿದೆವು. 'ಮುಂಬಯಿ', 'ಮುಂಬೈ' ಎರಡನ್ನೂ ಒಪ್ಪಿದೆವು. ಅಂಕಿಯ ಸೊನ್ನೆ ಒತ್ತಿದ ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟು, ಜೊತೆಗೆ ಒಂದು ಸಾಲಿನ ಸೂಚನೆ ಇಟ್ಟೆವು: ಅನುಸ್ವಾರದ ಗುಂಡಿ ಕೀಲಿಮಣೆಯಲ್ಲಿ ಎಲ್ಲಿದೆ ನೋಡು. ಚಿಕ್ಕವರಿಗೆ ಟೈಪ್ ಮಾಡುವುದನ್ನೇ ತೆಗೆದು, ಹೊಂದಿಸಿ ಬರೆಯುವ ಮತ್ತು ಎಳೆದು ಇಡುವ ಪ್ರಶ್ನೆಗಳನ್ನು ಕೊಟ್ಟೆವು. ಅಕ್ಷರ ಗೊತ್ತಿರುವ ಮಗುವನ್ನು ಕೀಲಿಮಣೆಯ ಕಾರಣಕ್ಕೆ ತಪ್ಪು ಅನ್ನುವುದು ಅನ್ಯಾಯ.

ಪ್ರಮಾಣಪತ್ರದಲ್ಲೂ ಲಿಪಿ ಕಾಡಿತು. ವರ್ಷದ ಕೊನೆಗೆ ಮೂಡಲ್‌ನಿಂದಲೇ ಪಿಡಿಎಫ್ ಪ್ರಮಾಣಪತ್ರ ಕೊಡುವ ಆಸೆ ಇತ್ತು. ಮೂಡಲ್ ಪಿಡಿಎಫ್ ಮಾಡಲು ಬಳಸುವ ಟಿಸಿಪಿಡಿಎಫ್ ಎಂಬ ತಂತ್ರಾಂಶಕ್ಕೆ ಭಾರತೀಯ ಲಿಪಿಗಳ ಒತ್ತಕ್ಷರ ಕೂಡಿಸಲು ಬರುವುದಿಲ್ಲ. 'ಕನ್ನಡ' ಎಂಬ ಪದವೇ ಒಡೆದುಹೋಗುತ್ತಿತ್ತು. ಹೆಸರುಗಳನ್ನು ಮೂಡಲ್‌ನಿಂದ ಇಳಿಸಿ, ಲಿಬ್ರೆ ಆಫೀಸ್ ರೈಟರ್‌ನ ಮೇಲ್ ಮರ್ಜ್‌ನಲ್ಲಿ (ಒಂದೇ ನಮೂನೆಗೆ ಪಟ್ಟಿಯ ಹೆಸರುಗಳನ್ನು ತುಂಬುವ ಸೌಲಭ್ಯ) ಪ್ರಮಾಣಪತ್ರ ಮಾಡಿದೆವು. ಅಲ್ಲಿ ಅಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಜ್ ಎಂಬ ತಂತ್ರಾಂಶದ್ದು. ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಸರಿಯಾಗಿ ಬಂದವು.

ನೇರ ಪಾಠ

ಮೂಡಲ್ 4.0ರಿಂದ ಬಿಗ್‌ಬ್ಲೂಬಟನ್ ಎಂಬ ವಿಡಿಯೊ ಪಾಠದ ಸೌಲಭ್ಯ ಅದರೊಳಗೇ ಇದೆ. ಕೆನಡಾದ ಒಟ್ಟಾವಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಹುಟ್ಟಿದ ಈ ಸಾಫ್ಟ್‌ವೇರ್ ಪಾಠ ಮಾಡುವವರಿಗೆಂದೇ ಮಾಡಿದ್ದು. ಹಲಗೆ ಇದೆ, ಕೈ ಎತ್ತುವುದಿದೆ, ಮಕ್ಕಳನ್ನು ಸಣ್ಣ ಗುಂಪು ಮಾಡಿ ಕೂರಿಸಬಹುದು. ಸ್ವಂತ ಸರ್ವರಿನಲ್ಲಿ ಇಡಬೇಕಾದರೆ 16 ಜಿಬಿ ಮೆಮೊರಿ, ಎಂಟು ಕೋರ್ ಬೇಕೆನ್ನುತ್ತಾರೆ. ನಮ್ಮ ಬಜೆಟ್ಟಿಗೆ ಅದು ಜಾಸ್ತಿ. ಮೂಡಲ್ ಜೊತೆ ಸಿಗುವ ಉಚಿತ ಸೇವೆಯಲ್ಲಿ ಒಂದು ಪಾಠಕ್ಕೆ 60 ನಿಮಿಷ, 25 ಜನ ಎಂಬ ಮಿತಿ ಇದೆ. ರೆಕಾರ್ಡಿಂಗ್ ಏಳು ದಿನ ಮಾತ್ರ ಇರುತ್ತದೆ.

ಆ ಮಿತಿ ನಮಗೆ ಅನುಕೂಲವೇ ಆಯಿತು. ತಂಡಗಳನ್ನು ಇಪ್ಪತ್ತರ ಒಳಗೆ ಇಟ್ಟೆವು. ಉಚಿತ ಸೇವೆಯಲ್ಲಿ ಮಕ್ಕಳ ಕ್ಯಾಮೆರಾ ಪಾಠ ನಡೆಸುವವರಿಗೆ ಮಾತ್ರ ಕಾಣುತ್ತದೆ. ಒಂದೇ ಕೋಣೆಯ ಚಾಳಿನ ಮನೆಯಿಂದ ಸೇರುವ ಮಗುವಿಗೆ ಇದರಿಂದ ಎಷ್ಟು ನೆಮ್ಮದಿ ಎಂಬುದನ್ನು ಅವರ ತಾಯಂದಿರೇ ಹೇಳಿದರು.

ಕೀಲಿಗಳು

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಮೂಡಲ್ ಹಾಕಿದ ಮಾತ್ರಕ್ಕೆ ತರಗತಿ ಸಂಘದ್ದಾಗುವುದಿಲ್ಲ. ಗಲ್ಫ್‌ಗೆ ಹೋದ ಹುಡುಗನ ಜಾಗದಲ್ಲಿ ಸರ್ವರಿನ ಪಾಸ್‌ವರ್ಡ್ ಗೊತ್ತಿರುವ ಇನ್ನೊಬ್ಬರು ಬಂದರೆ ಕಥೆ ಅದೇ. ಹಾಗಾಗಿ ಡೊಮೇನ್ ಹೆಸರು ಸಂಘದ ಇಮೇಲ್‌ನಲ್ಲಿ ನೋಂದಣಿಯಾಯಿತು. ಸರ್ವರಿನ ಬಿಲ್ ಸಂಘದ ಬ್ಯಾಂಕ್ ಖಾತೆಯಿಂದ ಹೋಗುತ್ತದೆ. ಪಾಸ್‌ವರ್ಡುಗಳು ಕೀಪಾಸ್‌ಎಕ್ಸ್‌ಸಿ ಎಂಬ, ಪಾಸ್‌ವರ್ಡ್ ಭದ್ರವಾಗಿಡುವ ತಂತ್ರಾಂಶದ ಒಂದು ಕಡತದಲ್ಲಿವೆ, ಅದು ಮೂವರ ಬಳಿ ಇದೆ. ಅದನ್ನು ತೆರೆಯುವ ಗುಪ್ತಪದ ಒಂದು ಲಕೋಟೆಯಲ್ಲಿ ಸಂಘದ ಕಪಾಟಿನಲ್ಲಿದೆ. ಹುದ್ದೆಗೆ ತಕ್ಕಷ್ಟೇ ಅಧಿಕಾರ ಕೊಟ್ಟಿದ್ದೇವೆ. ಕಾಲೇಜು ಹುಡುಗಿಯರು ಹೋಂವರ್ಕ್ ಕೇಳಿ ಅಳೆಯಬಹುದು, ಪಾಠ ಬದಲಿಸುವಂತಿಲ್ಲ.

ಬ್ಯಾಕಪ್‌ನಲ್ಲಿ ಮೂರು ವಸ್ತು ಇರಲೇಬೇಕು: ಡೇಟಾಬೇಸ್, ಮೂಡಲ್‌ಡೇಟಾ ಎಂಬ ಫೋಲ್ಡರ್, ಸೆಟ್ಟಿಂಗ್ ಬರೆದಿರುವ ಕಾನ್ಫಿಗ್ ಕಡತ. ಡೇಟಾಬೇಸ್ ಒಂದನ್ನೇ ಉಳಿಸಿಕೊಂಡರೆ ಮಕ್ಕಳ ಹೆಸರು ಉಳಿಯುತ್ತದೆ, ದನಿ ಹೋಗುತ್ತದೆ, ಯಾಕೆಂದರೆ ಆಡಿಯೊ ಕಡತಗಳು ಆ ಫೋಲ್ಡರಿನಲ್ಲಿರುತ್ತವೆ. ಪ್ರತಿ ರಾತ್ರಿ ಬ್ಯಾಕಪ್ ತಾನಾಗಿಯೇ ಆಗುತ್ತದೆ. ತಿಂಗಳ ಸಭೆಯ ದಿನ ಖಜಾಂಚಿಯವರ ಹಾರ್ಡ್ ಡಿಸ್ಕಿಗೂ ಒಂದು ಪ್ರತಿ ಹೋಗುತ್ತದೆ. ಮಕ್ಕಳೆಲ್ಲ ಊರಿಗೆ ಹೋಗುವ ಮೇ ತಿಂಗಳಲ್ಲಿ ಹಳೆಯ ಲ್ಯಾಪ್‌ಟಾಪಿನ ಮೇಲೆ ಆ ಪ್ರತಿಯಿಂದ ಇಡೀ ಸೈಟನ್ನು ಎಬ್ಬಿಸಿ ನೋಡುತ್ತೇವೆ. ಹಾಗೆ ಎಬ್ಬಿಸಿ ನೋಡದ ಬ್ಯಾಕಪ್ಪನ್ನು ನಾನಂತೂ ನಂಬುವುದಿಲ್ಲ.

ಸೂಚನೆ ಕಳಿಸುವಂಥ ಹಿನ್ನೆಲೆಯ ಕೆಲಸ ಮಾಡುವ ಮೂಡಲ್‌ನ ಕ್ರಾನ್ ನಿಮಿಷಕ್ಕೊಮ್ಮೆ ನಡೆಯುತ್ತಿರಬೇಕು. ಒಮ್ಮೆ ಸರ್ವರ್ ಬದಲಿಸಿದಾಗ ಅದು ನಿಂತುಹೋಯಿತು. ಸೈಟ್ ತೆರೆಯುತ್ತಿತ್ತು, ಪಾಠವೂ ಸರಿ ಇತ್ತು, ಆದರೆ ಒಬ್ಬರಿಗೂ ಸೂಚನೆ ಹೋಗುತ್ತಿರಲಿಲ್ಲ. ಈಗ ವಾರಕ್ಕೊಮ್ಮೆ ನಿರ್ವಾಹಕರ ಪುಟ ನೋಡುವ ಕೆಲಸ ಸರದಿಯ ಮೇಲೆ ನಡೆಯುತ್ತದೆ.

ಆಗದೇ ಹೋದದ್ದೂ ಇದೆ. ಚರ್ಚೆಗೆಂದು ತೆರೆದ ವೇದಿಕೆಯಲ್ಲಿ ಪಾಲಕರು ಯಾರೂ ಬರೆಯಲಿಲ್ಲ. ರಜೆ, ಸಮಯ ಬದಲಾವಣೆಯ ಸುದ್ದಿ ಈಗಲೂ ವಾಟ್ಸಾಪ್‌ನಲ್ಲೇ ಹೋಗುತ್ತದೆ. ಆದರೆ ಅದು ಅಡ್ಮಿನ್‌ಗಳು ಮಾತ್ರ ಬರೆಯುವ, ಸದಸ್ಯರ ನಂಬರ್ ಪರಸ್ಪರ ಕಾಣದ ಚಾನೆಲ್. ಮೂಡಲ್‌ನ ಕನ್ನಡ ಭಾಷಾ ಕಡತ ಪೂರ್ತಿಯಾಗಿಲ್ಲ. ಅರ್ಧ ಗುಂಡಿ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಕಾಣುತ್ತವೆ. ಮಕ್ಕಳ ಕಣ್ಣಿಗೆ ಬೀಳುವ ಗುಂಡಿಗಳನ್ನು ನಮ್ಮ ಸೈಟಿನ ಮಟ್ಟಿಗೆ ನಾವೇ ಕನ್ನಡಕ್ಕೆ ತಂದುಕೊಂಡಿದ್ದೇವೆ. ಮೂಡಲ್‌ನ ಅನುವಾದ ತಾಣದಲ್ಲಿ ಯಾರು ಬೇಕಾದರೂ ಪದ ಸೂಚಿಸಬಹುದು. ಕನ್ನಡ ಬಲ್ಲವರು ಇದಕ್ಕೆ ಕೈಜೋಡಿಸಿದರೆ ಎಲ್ಲ ಊರಿನ ಮಕ್ಕಳಿಗೂ ಉಪಯೋಗ.

ಕಳೆದ ಮೇ ತಿಂಗಳಲ್ಲಿ ಪುಣೆಯ ಒಂದು ಕನ್ನಡ ಬಳಗದವರು ನಮ್ಮ ಪಾಠಗಳನ್ನು ಕೇಳಿದರು. ಮೂಡಲ್‌ನಲ್ಲಿ ಮಕ್ಕಳ ಮಾಹಿತಿ ಬಿಟ್ಟು ಬರೀ ಕೋರ್ಸನ್ನು ಒಂದೇ ಕಡತವಾಗಿ ತೆಗೆಯಬಹುದು. ಮೊದಲ ಹಂತವನ್ನು ಹಾಗೆ ತೆಗೆದು ಕೊಟ್ಟೆವು. ಅವರು ಅದನ್ನು ತಮ್ಮ ಸೈಟಿನಲ್ಲಿ ಇಟ್ಟರು. ಅಲ್ಲಿನ ಮಕ್ಕಳಲ್ಲಿ ಹೆಚ್ಚಿನವರ ಮನೆ ಧಾರವಾಡ, ಬೆಳಗಾವಿ ಕಡೆಯದು, ಆಡುವ ಕನ್ನಡವೇ ಬೇರೆ. ಕೇಳಿಸುವ ಪಾಠಗಳನ್ನೆಲ್ಲ ಅವರು ತಮ್ಮ ಮಾತಿನಲ್ಲಿ ಹೊಸದಾಗಿ ರೆಕಾರ್ಡ್ ಮಾಡಿದರು, ಎ-ಏ ಅಭ್ಯಾಸಕ್ಕೆ ಎಚ್‌5ಪಿ ಎಂಬ ಆಟ-ಅಭ್ಯಾಸ ಕಟ್ಟುವ ಸಾಧನದಲ್ಲಿ ಚಿತ್ರದ ಆಟಗಳನ್ನು ಸೇರಿಸಿದರು, ಮತ್ತೆ ಆ ಕಡತವನ್ನು ನಮಗೂ ಕಳಿಸಿದರು. ಈ ಜೂನ್‌ನಿಂದ ನಮ್ಮ ಮೊದಲ ಹಂತದ ಮಕ್ಕಳು ಪುಣೆಯವರ ಆ ಆಟಗಳನ್ನೇ ಆಡುತ್ತಿದ್ದಾರೆ.